ಖಾಲಿ ಬುಟ್ಟಿಗಳು

"ಈ ಕಂಬ ಕಿತ್ತುಹಾಕಿ. ಅಮ್ಮನ ಗಾಡಿ ಒಳಗೆ ಹೋಗ್ಬೇಕು," ಎನ್ನುತ್ತ ಶವವಾಹನದಿಂದ ಇಳಿದ ಲೊರೇನ್, ಉದ್ಯಾನದ ಬಾಗಿಲಿನ ಕಬ್ಬಿಣದ ಕಂಬವನ್ನು ತಾನೇ ಹಿಡಿದು ಜಗ್ಗಿದಳು. ಅದು ಅಲುಗಲಿಲ್ಲ.

ಕಾರ್ಬೆಟ್ ಕ್ರೀಕ್ ಊರಿನ ಚೀನೀ ಮನೆಗಳಲ್ಲಿ ಸತ್ತವರನ್ನು ನೇರ ಸ್ಮಶಾನಕ್ಕೆ ಒಯ್ಯುವುದಿಲ್ಲ. ಬದುಕಿದ ಮನೆಯನ್ನೂ ದುಡಿದ ಜಾಗವನ್ನೂ ಒಮ್ಮೆ ತೋರಿಸಿಯೇ ಒಯ್ಯಬೇಕು. ಲೊರೇನಳ ಅಮ್ಮ ಎಡ್ನಾ ಲಮ್ ಹೋಯ್ ದುಡಿದ ಜಾಗ ಇದೇ. ಹೊಳೆದಂಡೆಯ ಈ ಮೂರು ಎಕರೆಯಲ್ಲಿ ಮೊದಲು ಅವಳಪ್ಪ, ಆಮೇಲೆ ಅವಳು ಗುತ್ತಿಗೆಗೆ ತರಕಾರಿ ಬೆಳೆದರು. ಗುತ್ತಿಗೆ ಮುಗಿದ ಮರುದಿನವೇ ಪುರಸಭೆ ಬುಲ್ಡೋಜರ್ ತಂದು, ಕೊಯ್ಲಿಗೆ ಬಂದಿದ್ದ ಎಲೆಕೋಸನ್ನೂ ಬಿಡದೆ ಮಣ್ಣುಪಾಲು ಮಾಡಿ ಹುಲ್ಲು ಹಾಸಿತು. ನಲವತ್ತು ವರ್ಷದ ನಂತರ ಅದೇ ಹುಲ್ಲಿನ ಮೇಲೆ ಅದೇ ಪುರಸಭೆ, ನಾಚಿಕೆಯಿಲ್ಲದೆ, ನಗುತ್ತಿರುವ ಚೀನೀ ತೋಟಗಾರನ ಕಂಚಿನ ಪ್ರತಿಮೆ ನಿಲ್ಲಿಸಿತು. ಪಕ್ಕದಲ್ಲೊಂದು ಹೊರೆ ಹೊರುವ ಅಡ್ಡೆ, ಅದರ ಎರಡು ತುದಿಗೆ ಎರಡು ಬುಟ್ಟಿ. ಯಾರು ಬೇಕಾದರೂ ಹೆಗಲು ಕೊಟ್ಟು ಎತ್ತಬಹುದು. ಎತ್ತಿದರೆ ಮೇಲೆ ಕಟ್ಟಿದ ಗಂಟೆಗಳು ಮೊಳಗುತ್ತವೆ.

ಪುರಸಭೆ ಅಧ್ಯಕ್ಷ ಟ್ರೆವರ್ ಹೇಗನ್ ಕಪ್ಪು ಕೋಟು ತೊಟ್ಟು, ಜೊತೆಗೆ ಫೋಟೊದವನನ್ನೂ ಕರೆದುಕೊಂಡು ಬಂದಿದ್ದ.

"ಕಂಬ ತೆಗೆಸ್ತೀನಿ ಲೊರೇನ್. ಹಾಗೇ ಒಂದು ಫೋಟೊ ಆಗ್ಲಿ. ಎಡ್ನಾ ನೆನಪಿಗೆ ನಾನೇ ಅಡ್ಡೆ ಎತ್ತಿ ಗಂಟೆ ಬಾರಿಸ್ತೀನಿ."

ಲೊರೇನಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಎಡ್ನಾಳ ತಮ್ಮ, ಎಂಬತ್ತಮೂರರ ಸೆಸಿಲ್, ಅಕ್ಕನ ಮಗಳ ತೋಳು ಹಿಡಿದ.

"ಮೊದ್ಲು ಕಂಬ ತೆಗೀಲಿ ಕಣೇ. ಆಮೇಲೆ ಬೈಯುವಂತೆ."

*

ಎರಡು ವರ್ಷದ ಹಿಂದೆ, ಉದ್ಘಾಟನೆಯ ದಿನ, ಎಡ್ನಾಳನ್ನೇ ಮೊದಲು ಅಡ್ಡೆ ಎತ್ತಲು ಕರೆದಿದ್ದರು. ಅವಳು ಹಳೆಯ ಅಭ್ಯಾಸದಂತೆ ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು, ಭಾರಕ್ಕೆ ತಕ್ಕಂತೆ ಮೈಯೊಡ್ಡಿ ಎದ್ದಳು. ಭಾರವೇ ಇರಲಿಲ್ಲ. ಜೋಲಿ ತಪ್ಪಿ ಮುಗ್ಗರಿಸಿ ಹುಲ್ಲಿನ ಮೇಲೆ ಬಿದ್ದಳು. ಗಂಟೆಗಳು ಮೊಳಗಿದವು, ಒಂದಿಬ್ಬರು ನಕ್ಕರು.

"ಖಾಲಿ ಬುಟ್ಟಿ ಯಾಕೆ ನೇತುಹಾಕಿದ್ದೀರಿ?" ಎಂದು ಕುಳಿತಲ್ಲಿಂದಲೇ ಕೇಳಿದಳು.

"ಮಕ್ಕಳು ಎತ್ತೋದಲ್ವಾ ಎಡ್ನಾ. ಬೆನ್ನು ಉಳುಕಿದ್ರೆ ಕಷ್ಟ," ಎಂದ ಹೇಗನ್.

"ಒಂಬತ್ತು ವರ್ಷಕ್ಕೆ ಎರಡು ಡಬ್ಬ ನೀರು ಹೊತ್ಕೊಂಡು ಇದೇ ದಂಡೆ ಹತ್ತಿದೋಳು ನಾನು. ಆಗ ನನ್ನ ಬೆನ್ನು ನಿಮಗೆ ಕಾಣಿಸ್ಲಿಲ್ವಾ?"

ಹೇಗನ್ ಜೋರಾಗಿ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಎಡ್ನಾಳ ಬಲ ಹೆಗಲ ಮೇಲೆ ವರ್ಷಗಟ್ಟಲೆ ಅಡ್ಡೆ ಒತ್ತಿ ಒತ್ತಿ ನಿಂಬೆಗಾತ್ರದ ಗಂಟು ಕಟ್ಟಿತ್ತು. ಬುಟ್ಟಿಗೆ ನಿಜವಾದ ಭಾರ ತುಂಬಿಸಿ ಎಂದು ಪುರಸಭೆಗೆ ನಾಲ್ಕು ಕಾಗದ ಬರೆದಳು. ಒಂದಕ್ಕೂ ಉತ್ತರ ಬರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಮಗಳಿಗೂ ಅದನ್ನೇ ಹೇಳಿದಳು: "ನಾವು ಖಾಲಿ ಬುಟ್ಟಿ ಹೊತ್ತೋರು ಅನ್ನೋ ಹಾಗೆ ಮಾಡಿದ್ದಾರೆ ಲೊರೇನ್. ಅದನ್ನ ಹಾಗೇ ಬಿಡ್ಬೇಡ."

*

ಕಂಬ ತೆಗೆದರು. ವಾಹನ ಪ್ರತಿಮೆಯ ಮುಂದೆ ನಿಂತಿತು, ಹಿಂಬಾಗಿಲು ತೆರೆದರು. ಮನೆಯವರೆಲ್ಲ ಮೂರು ಸಲ ಬಾಗಿದರು. ಸ್ಮಶಾನದ ಗುಂಡಿಗೆ ಎಲ್ಲರೂ ಒಂದೊಂದು ಹಿಡಿ ಹಾಕಲೆಂದು ಸೆಸಿಲ್ ತನ್ನ ಹಿತ್ತಲ ತರಕಾರಿ ಮಡಿಯ ಹಸಿಮಣ್ಣನ್ನು ಎರಡು ಚೀಲ ತುಂಬಿಸಿ ತಂದಿದ್ದ. ಲೊರೇನ್ ಆ ಚೀಲಗಳನ್ನೂ ಬುಟ್ಟಿಗಳನ್ನೂ ನೋಡಿದಳು.

"ಮಾಮ, ಆ ಮಣ್ಣು ಇಲ್ಲಿಗೆ ಕೊಡಿ."

"ಅದು ಗುಂಡಿಗೆ ಅಲ್ವೇನೇ?"

"ಗುಂಡಿ ಹತ್ರ ತೋಡಿದ ಮಣ್ಣೇ ಇರುತ್ತೆ. ಅಮ್ಮ ಕೇಳಿದ್ದು ಇಲ್ಲಿಗೆ."

ಸೆಸಿಲ್ ಚೀಲಗಳನ್ನು ಅವಳ ಮುಂದೆ ತಳ್ಳಿದ. "ಎರಡೂ ಕಡೆ ಸಮ ಇರ್ಲಿ," ಎಂದ. "ಇಲ್ದಿದ್ರೆ ಅಕ್ಕ ಬೈತಾಳೆ."

ಚೀಲಗಳನ್ನು ಬುಟ್ಟಿಗಳಿಗೆ ಸುರಿದರು. ಬಂದವರೆಲ್ಲ ಸಾಲಾಗಿ ಬಂದು ಮಣ್ಣನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದರು.

"ಇದಕ್ಕೆಲ್ಲ ಅನುಮತಿ ಬೇಕಾಗುತ್ತೆ," ಎಂದ ಹೇಗನ್.

"ಫೋಟೊ ಬೇಕು ಅಂದ್ರಲ್ಲ," ಎಂದಳು ಲೊರೇನ್. "ಬನ್ನಿ. ಎತ್ತಿ. ಅಮ್ಮ ನೋಡ್ತಿದ್ದಾಳೆ."

ಊರೆಲ್ಲ ನೋಡುತ್ತಿತ್ತು. ಫೋಟೊದವನು ಕ್ಯಾಮೆರಾ ಎತ್ತಿ ಹಿಡಿದಿದ್ದ. ಹೇಗನ್ ಬಗ್ಗಿ ಅಡ್ಡೆಗೆ ಹೆಗಲು ಕೊಟ್ಟ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಅಡ್ಡೆ ಕೋಟಿನೊಳಕ್ಕೆ ಇಳಿಯಿತೇ ಹೊರತು ಮೇಲೇಳಲಿಲ್ಲ.

"ಸೊಂಟದಿಂದ ಅಲ್ಲಪ್ಪ," ಎಂದ ಸೆಸಿಲ್. "ಮಂಡಿ ಬಗ್ಸು."

ಹೇಗನ್ ಮಂಡಿ ಬಗ್ಗಿಸಿದ. ಬುಟ್ಟಿಯಿಂದ ಕೆಸರುನೀರು ತೊಟ್ಟಿಕ್ಕಿ ಅವನ ಪಾಲಿಶ್ ಮಾಡಿದ ಬೂಟಿನ ಮೇಲೆ ಬೀಳುತ್ತಿತ್ತು. ತಲೆಯ ಮೇಲೆ ಗಂಟೆಗಳು ಸದ್ದಿಲ್ಲದೆ ನೇತುಬಿದ್ದಿದ್ದವು.