ಇಲ್ಲದ ಶೀಟುಗಳ ಮೇಸ್ತ್ರಿ

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಬಟ್ಟೆ ನೋಡುವುದು ನಮ್ಮ ಲಾಂಡ್ರಿ ಮೇಸ್ತ್ರಿಯ ಸ್ವಭಾವ. ದೊಡ್ಡ ಡಾಕ್ಟರೇ ನಿಂತಿದ್ದರೂ ಮೇಸ್ತ್ರಿಯ ಕಣ್ಣು ಕೋಟಿನ ಅಂಚಿಗೆ ಹೋಗಿ, ಅಲ್ಲಿ ಬಿಚ್ಚಿಕೊಂಡ ಹೊಲಿಗೆಯೊಂದನ್ನು ಕಂಡು ನೊಂದು, ಆಮೇಲೆ ನಿಧಾನವಾಗಿ ಮುಖದ ಕಡೆ ಏರುತ್ತಿತ್ತು. ಮೂವತ್ತು ವರ್ಷ ಒದ್ದೆ ಬಟ್ಟೆಯ ಗಾಡಿ ತಳ್ಳಿ ಅವರ ಎಡ ಭುಜ ಇಳಿದುಹೋಗಿತ್ತು. ಗಾಡಿ ಇಲ್ಲದಾಗಲೂ ತಳ್ಳುತ್ತಿರುವವರ ಹಾಗೆಯೇ ನಡೆಯುತ್ತಿದ್ದರು. ತಮ್ಮ ಕಂದು ಕೋಟಿನ ಜೇಬುಗಳನ್ನು ನನ್ನಿಂದಲೇ ಹೊಲಿಸಿ ಮುಚ್ಚಿಸಿದ್ದರು. ರೋಗಿಗಳ ಬಟ್ಟೆಯೊಳಗೆ ಉಂಗುರ, ಹಲ್ಲಿನ ಸೆಟ್ಟು, ಏನೇನೋ ಬಂದುಬಿಡುತ್ತವೆ, ಜೇಬಿದ್ದವನ ಮೇಲೆ ಅನುಮಾನ ಬರುವುದು ಸಹಜ ಎಂಬುದು ಅವರ ವಾದ.

ನಾನು ಆ ಆಸ್ಪತ್ರೆಯ ಲಾಂಡ್ರಿಯ ಮೂಲೆಯಲ್ಲಿ ಕೂತು ಹರಿದದ್ದನ್ನು ಹೊಲಿಯುವವಳು. ಬೆಳಿಗ್ಗೆ ದೇವರ ಹೆಸರು ಹೇಳಿ ಸೂಜಿಗೆ ದಾರ ಪೋಣಿಸಿದರೆ ಸಂಜೆಯವರೆಗೆ ಕೈಗೆ ಕೆಲಸ, ಕಿವಿಗೆ ಮೇಸ್ತ್ರಿಯ ಮಾತು. ಯಾವ ಮಾತಿಗೂ ಅವರ ಪೀಠಿಕೆ ಒಂದೇ: "ಅದು ಹಾಗಲ್ಲ ತಂಗಿ, ಆದ್ರೆ ಹಾಗೇ ಅನ್ಕೋ." ಇದರ ಅರ್ಥ ನನಗೆ ಇವತ್ತಿಗೂ ಆಗಿಲ್ಲ. ಆದರೆ ಮಾಸಿದ ಬಟ್ಟೆಯ ರಾಶಿ ನೋಡಿಯೇ ಅವರು ಇಡೀ ಆಸ್ಪತ್ರೆಯ ಸಮಾಚಾರ ಹೇಳುತ್ತಿದ್ದರು. ಒಮ್ಮೆ ಮಕ್ಕಳ ವಾರ್ಡಿನಿಂದ ಮೂರು ದಿನ ಎಡೆಬಿಡದೆ ಹೆಚ್ಚು ಶೀಟು ಬಂದಾಗ, ನೀರು ಕೆಟ್ಟು ಮಕ್ಕಳಿಗೆ ಭೇದಿಯಾಗಿರಬೇಕು ಎಂದು ಯಾರಿಗೂ ಹೇಳದೆ ತಾರಸಿ ಹತ್ತಿದರು. ನೀರಿನ ಟ್ಯಾಂಕಿನ ಮುಚ್ಚಳ ಸರಿದು ಬಿದ್ದಿತ್ತು. ಲಾಂಡ್ರಿಯವನಿಗೆ ತಾರಸಿಯಲ್ಲೇನು ಕೆಲಸ ಎಂದು ನೀರಿನ ವಿಭಾಗದವರು ಬೈದರಂತೆ. ಇರಬಹುದು ಎಂದು ಇವರು ಇಳಿದು ಬಂದರಂತೆ.

ಕಳೆದ ವರ್ಷ ಆಸ್ಪತ್ರೆಯ ಎಲ್ಲ ವಿಭಾಗಗಳನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದರು. ಪ್ರತಿ ಶೀಟಿನ ಮೂಲೆಗೂ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಯೊಂದನ್ನು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಗಾಡಿ ಬಾಗಿಲು ದಾಟುವಾಗ ಯಂತ್ರವೇ ಬಿಲ್ಲೆಗಳನ್ನು ಎಣಿಸುತ್ತದೆ; ಆ ಎಣಿಕೆ ನೋಡಿ ಥಿಯೇಟರಿನವರು ಆಪರೇಷನ್ನುಗಳ ಪಟ್ಟಿ ಮಾಡುತ್ತಾರೆ, ಖರೀದಿಯವರು ಹೊಸ ಶೀಟು ತರಿಸಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಬಿಲ್ಲೆ ಮಾತ್ರ ಕಳೆಯಬಾರದು ಎಂದು ಕಂಪ್ಯೂಟರಿನ ಹುಡುಗಿ ನನಗೆ ಎರಡೆರಡು ಸಲ ಹೇಳಿದಳು.

ಆರು ತಿಂಗಳಾಗುವಷ್ಟರಲ್ಲಿ ತಲೆ ಕೆಡುವ ಸಂಗತಿಯೊಂದು ಶುರುವಾಯಿತು. ಪರದೆಯ ಮೇಲೆ ಶೀಟು ಬೇಕಾದಷ್ಟು, ಕಪಾಟಿನಲ್ಲಿ ಖಾಲಿ. ಇದೆಯಲ್ಲ ಎಂದು ಖರೀದಿಯವರು ಹೊಸದು ತರಿಸಲಿಲ್ಲ. ಇಲ್ಲವಲ್ಲ ಎಂದು ಒಂದು ಬೆಳಿಗ್ಗೆ ಎರಡು ಆಪರೇಷನ್ನು ಮುಂದಕ್ಕೆ ಹೋದವು. ಕೈಯಿಂದ ಎಣಿಸಿದಾಗ ನೂರ ಅರವತ್ತು ಶೀಟು ಕಡಿಮೆ. ವಿಚಿತ್ರವೆಂದರೆ, ಆ ಇಲ್ಲದ ಶೀಟುಗಳು ವಾರ ವಾರ ಒಗೆಯಲು ಬಂದು ಹೋಗುತ್ತಿವೆ ಎಂದು ಯಂತ್ರ ಹೇಳುತ್ತಿತ್ತು. ಆಡಳಿತದ ಸಾಹೇಬರು ಯೋಚಿಸಿ ಯೋಚಿಸಿ, ಮೇಸ್ತ್ರಿ ಅವನ್ನು ಯಾವುದೋ ಲಾಡ್ಜಿಗೆ ಬಾಡಿಗೆಗೆ ಕೊಟ್ಟು ತೊಳೆಯಲು ಮಾತ್ರ ಇಲ್ಲಿಗೆ ತರುತ್ತಿರಬೇಕು ಎಂದರು. ಶುಕ್ರವಾರದೊಳಗೆ ಉತ್ತರ ಸಿಗದಿದ್ದರೆ ಪೊಲೀಸರಿಗೆ ದೂರು.

ಮೇಸ್ತ್ರಿ ಬಾಯ್ಲರಿನ ಹಿಂದೆ ಹುಡುಕಿದರು, ಚರಂಡಿಯ ಜಾಲರಿ ಎತ್ತಿಸಿದರು, ಶವಾಗಾರಕ್ಕೂ ಹೋಗಿ ಬಂದರು. ಗುರುವಾರ ಮಧ್ಯಾಹ್ನ ನನ್ನ ಕೈಚೀಲದ ಬಾಯಿ ತೆರೆದು ಇಣುಕಿದರು. ನಾನು ನೋಡಿದ್ದು ಗೊತ್ತಾಗಿ ತಲೆ ತಗ್ಗಿಸಿ ಹೊರಗೆ ಹೋದರು. ನಾನು ಮಡಿಲಲ್ಲಿದ್ದ ಶೀಟಿನ ಅಂಚು ಹೊಲಿಯುತ್ತಲೇ ಇದ್ದೆ. ಆಗ ಒಂದು ಮೂಲೆಯಲ್ಲಿ ಬಿಲ್ಲೆ ತಾಗಿತು, ಸರಿ. ಎದುರು ಮೂಲೆಯಲ್ಲೂ ಒಂದು ಬಿಲ್ಲೆ ತಾಗಿತು.

ನಡುವೆ ಸವೆದ ಶೀಟನ್ನು ನಾವು ಎಸೆಯುವ ಪದ್ಧತಿಯೇ ಇರಲಿಲ್ಲ. ಅಂಥ ಎರಡರಲ್ಲಿ ಗಟ್ಟಿಯಿರುವ ಅರ್ಧಗಳನ್ನು ಕೂಡಿಸಿ ಒಂದು ಮಾಡುವುದು ಮೇಸ್ತ್ರಿ ಕಲಿಸಿದ ವಿದ್ಯೆ. ಬಿಲ್ಲೆ ಕಳೆಯಬಾರದೆಂಬ ಭಯಕ್ಕೆ ನಾನು ಬಿಲ್ಲೆಯಿರುವ ಅರ್ಧಗಳನ್ನೇ ಆರಿಸಿ ಕೂಡಿಸುತ್ತಿದ್ದೆ. ನನ್ನ ಒಂದೊಂದು ಶೀಟೂ ಯಂತ್ರದ ಲೆಕ್ಕದಲ್ಲಿ ಎರಡಾಗಿತ್ತು.

ಓಡಿಹೋಗಿ ಮೇಸ್ತ್ರಿಗೆ ತೋರಿಸಿದೆ. ಎರಡೂ ಮೂಲೆ ಹಿಡಿದು ಕೈ ಚಾಚಿ ನಿಂತರು.

"ತಂಗಿ, ಇದು ಒಂದಾ, ಎರಡಾ?"

"ಒಂದೇ ಅಣ್ಣ. ತಪ್ಪು ನಂದು."

"ಹೊಲಿಗೆ ಚೆನ್ನಾಗಿದೆ," ಎಂದರು.

ಆಫೀಸಿನಲ್ಲಿ ಸಾಹೇಬರಿಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು. ಅರ್ಥವಾದ ಮೇಲೂ ಮುಗಿಯಲಿಲ್ಲ. ನೂರ ಅರವತ್ತನ್ನು ಲೆಕ್ಕದಿಂದ ತೆಗೆಯಬೇಕಾದರೆ ಕಾರಣ ಕೊಡಬೇಕು. ಪರದೆಯಲ್ಲಿದ್ದ ಕಾರಣಗಳು ಮೂರೇ: ಕಳವು, ಕಾಣೆ, ಅಜಾಗರೂಕತೆಯಿಂದ ಹಾಳು.

"ಕೂಡಿಸಿ ಹೊಲಿದದ್ದು ಅಂತ ಒಂದು ಸಾಲು ಹಾಕಮ್ಮ," ಎಂದರು ಮೇಸ್ತ್ರಿ, ಪರದೆಯ ಮುಂದೆ ಕೂತಿದ್ದ ಕಂಪ್ಯೂಟರಿನ ಹುಡುಗಿಗೆ.

"ಆಗಲ್ಲ ಅಂಕಲ್. ಇಲ್ಲಿ ಒಂದು ಸಾಲು ಸೇರಿಸಿದ್ರೆ ಖರೀದಿ, ಸ್ಟೋರು, ಥಿಯೇಟರು ಎಲ್ಲಾ ಕಡೆ ಬದಲಾಗಬೇಕು. ಎಲ್ಲರೂ ಒಪ್ಪೋಕೆ ಎರಡು ತಿಂಗಳಾದ್ರೂ ಬೇಕು."

ಅಲ್ಲಿಯವರೆಗೆ ಹೊಸ ಶೀಟೂ ಇಲ್ಲ. ಮೇಸ್ತ್ರಿ ಪರದೆಯ ಹತ್ತಿರ ಮುಖ ತಂದು ಮೂರು ಪದಗಳನ್ನೂ ಮತ್ತೆ ಮತ್ತೆ ಓದಿದರು. ಒಂದು ಶೀಟನ್ನೂ ಹಾಳಾಯಿತು ಎಂದು ಬಿಟ್ಟುಕೊಡದ ಮನುಷ್ಯ. ನಾನು ಬಾಯಿ ತೆರೆಯುವಷ್ಟರಲ್ಲಿ, ಮೂರನೆಯದನ್ನು ತಾವೇ ಒತ್ತಿಬಿಟ್ಟರು.

"ಹೊಸವು ಎಷ್ಟೊತ್ತಿಗೆ ಬರುತ್ತಮ್ಮ?" ಅಷ್ಟೇ ಕೇಳಿದ್ದು.

ಮರುದಿನ ಹೊಸ ಶೀಟು ಬಂದು ಥಿಯೇಟರು ನಡೆಯಿತು. ಮರುತಿಂಗಳು, ನೂರ ಅರವತ್ತು ಶೀಟು ಹಾಳುಮಾಡಿದ್ದಕ್ಕೆ, ಅವರ ಮೇಸ್ತ್ರಿ ಪದವಿ ಹೋಯಿತು. ಕಾಗದಕ್ಕೆ ಸಹಿ ಹಾಕಿದ ಸಾಹೇಬರಿಗೂ ನಿಜ ಗೊತ್ತು; ಕಾಗದ ತಂದ ಹುಡುಗಿಗೂ ಗೊತ್ತು. ಗೊತ್ತಿದ್ದವರೆಲ್ಲ ಸೇರಿ ಗೊತ್ತಿಲ್ಲದವರು ಮಾಡುವಂಥ ಕೆಲಸವೊಂದನ್ನು ಹೇಗೆ ಮಾಡಿದರೋ, ನನಗೆ ತಿಳಿಯುವುದಿಲ್ಲ.

ಕೆಲವರಿರುತ್ತಾರೆ. ತಮ್ಮ ಹೆಸರು ಉಳಿಯಬೇಕೋ ಕೆಲಸ ನಡೆಯಬೇಕೋ ಎಂದು ಲೋಕ ಅವರನ್ನು ಕೇಳಿದರೆ, ಅಲ್ಲೊಂದು ಪ್ರಶ್ನೆ ಇತ್ತು ಎಂಬುದೇ ಅವರ ಗಮನಕ್ಕೆ ಬರುವುದಿಲ್ಲ. ಅದು ದೊಡ್ಡತನವೋ, ಒಂದು ಬಗೆಯ ಕುರುಡೋ? ದೇವರ ಮುಂದೆ ಕೂತಾಗಲೂ ಕೇಳಿದ್ದೇನೆ. ಅಂಥವರ ಭುಜದ ಮೇಲೆ ಇಷ್ಟೊಂದು ಭಾರ ಇಟ್ಟವನಿಗೆ ಉತ್ತರ ಗೊತ್ತಿರಬಹುದು. ಹೇಳಲು ಅವನಿಗೂ ನಾಚಿಕೆಯೋ ಏನೋ.