ಒಂದು ಬೀಡಿಯ ಹೊತ್ತು

ಚಟ್ಟವನ್ನು ಪಿಕಪ್ಪಿನ ಮೇಲೆ ಏರಿಸುತ್ತಿದ್ದವರಿಗೆ ಚಂದ್ರಯ್ಯ ನಿಧಾನ, ನಿಧಾನ ಎನ್ನುತ್ತಲೇ ಇದ್ದ. ಹೆಣಕ್ಕೆ ನೋವಾದೀತೆಂದಲ್ಲ, ಗಾಡಿಗೆ ಪೆಟ್ಟಾದೀತೆಂದು. ಹೊಳೆನರಸೀಪುರದ ಮೆಕ್ಯಾನಿಕ್ ಅವನು, ಸತ್ತ ರಂಗಸ್ವಾಮಿಯ ಗೆಳೆಯ. ಮಣ್ಣು ಮಾಡುವ ಹೊಲ ಹಳೇಕೋಟೆಯಿಂದ ಮೂರು ಮೈಲಿ ಆಚೆ. ಹೆಗಲ ಮೇಲೆ ಹೊರುವುದು ಆಗದ ಮಾತೆಂದು ಸತ್ತವನದೇ ಗಾಡಿಯಲ್ಲಿ ಒಯ್ಯುವುದಾಗಿತ್ತು.

ಅಂಗಳದಲ್ಲಿ ಸೇರಿದವರು ರಂಗಸ್ವಾಮಿಯನ್ನು ಹೊಗಳುತ್ತಿದ್ದರು. ಅಂದರೆ, ಅವನ ಗೇರ್‌ಬಾಕ್ಸನ್ನು. ಹದಿನಾಲ್ಕು ವರ್ಷ ತೆಂಗಿನಕಾಯಿ, ಭತ್ತ ಹೊತ್ತ ಡೀಸೆಲ್ ಗಾಡಿ. ಒಂದು ಸಲವೂ ಗೇರ್‌ಬಾಕ್ಸ್ ಬಿಚ್ಚಿಸಿದವನಲ್ಲ, ಒಂದು ಮೂಟೆ ಹೆಚ್ಚಿಗೆ ಹಾಕಿದವನಲ್ಲ. ಗೇರಿನ ಮೇಲೆ ಸುಮ್ಮನೆ ಕೈಯಿಟ್ಟು ಕೂತರೆ ಒಳಗೆ ಸವೆಯುತ್ತದೆಂದು ಮಗ ದಿಲೀಪನ ಎಡಗೈಗೆ ಸ್ಪ್ಯಾನರಿನಲ್ಲಿ ಬಾರಿಸಿದ್ದ. ಎರಡು ಬೆರಳು ಇಂದಿಗೂ ನೆಟ್ಟಗಾಗಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ. ಹೊಗಳುವುದಕ್ಕೆ ಬಂದಿದ್ದು ಊರು.

"ಗಾಡಿ ಬಿಸಿಯಾಗ್ದೆ ಗೇರ್ ಆಕ್ತಿರ್ಲಿಲ್ಲ ಕಣ್ರಪ್ಪ," ಎಂದ ಚಂದ್ರಯ್ಯ. "ಸ್ಟಾರ್ಟ್ ಮಾಡಿ ಒಂದ್ ಬೀಡಿ ಸೇದೋನು. ಬೀಡಿ ಮುಗುದ್ಮೇಲೇ ಒರಡೋನು."

ಹೆಂಡತಿ ಸುಬ್ಬಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಆ ಬೀಡಿಯ ಅಳತೆ ಅವಳಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಧನುರ್ಮಾಸದ ಒಂದು ಬೆಳಗ್ಗೆ, ಒಂಬತ್ತು ವರ್ಷದ ಮಗಳು ರೂಪಶ್ರೀ ಹೂ ಕೀಳಲು ಹೋಗಿ ಬೇಲಿಯಲ್ಲಿ ಹಾವಿನಿಂದ ಕಚ್ಚಿಸಿಕೊಂಡು ಬಂದಳು. ಸುಬ್ಬಮ್ಮ ಅವಳನ್ನು ಎತ್ತಿಕೊಂಡು ಗಾಡಿ ಹತ್ತಿದಳು. ರಂಗಸ್ವಾಮಿ ಕೀಲಿ ತಿರುಗಿಸಿದ, ಕೆಳಗಿಳಿದ, ಬೀಡಿ ಹಚ್ಚಿದ. ಮಗಳ ಮೇಲೆ ಪ್ರೀತಿಯಿರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಬೀಡಿಯನ್ನು ಕೊನೆಯವರೆಗೂ ಸೇದಿದ.

"ನಿಮ್ ಕಾಲಿಗ್ ಬೀಳ್ತೀನಿ, ಒರಡಿ," ಎಂದಳು ಸುಬ್ಬಮ್ಮ.

"ಆಯ್ಲು ತೆಳ್ಳಗಾಗ್ಲಿ ಇರು. ದಾರೀಲಿ ಕೈಕೊಟ್ರೆ ಏನ್ ಮಾಡೀಯೆ?"

ಗಾಡಿ ಕೈಕೊಡಲಿಲ್ಲ. ಮಗು ಹೊಳೆನರಸೀಪುರ ತಲುಪುವ ಮೊದಲೇ ತಾಯಿಯ ಮಡಿಲಲ್ಲಿ ತಣ್ಣಗಾಯಿತು. ಐದು ನಿಮಿಷ ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಸುಬ್ಬಮ್ಮ ಗಂಡನನ್ನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

*

ಈ ದಿನ ಬೆಳಗ್ಗೆ ರಂಗಸ್ವಾಮಿ ಎದೆ ಹಿಡಿದುಕೊಂಡು ಕುಸಿದಾಗ ಅವನನ್ನು ಅದೇ ಗಾಡಿಯಲ್ಲಿ ಕೂರಿಸಿದರು. ನಡುವೆ ಸುಬ್ಬಮ್ಮ ಕೂತಳು. ದಿಲೀಪ ಸ್ಟಾರ್ಟ್ ಮಾಡಿ ಗೇರಿಗೆ ಕೈಹಾಕಿದ. ಅವನ ಸೊಟ್ಟ ಬೆರಳುಗಳ ಮೇಲೆ ಅವಳು ಕೈಯಿಟ್ಟಳು.

"ಇರು ಮಗ. ಬಿಸಿಯಾಗ್ಲಿ."

ಗಂಡನ ಜೇಬಿನಿಂದ ಒಂದು ಬೀಡಿ ತೆಗೆದು ತಾನೇ ಹಚ್ಚಿದಳು. ಬೀಡಿ ಎಳೆಯದಿದ್ದರೆ ಆರಿಹೋಗುತ್ತದೆ. ಅದಕ್ಕೇ, ಹುಟ್ಟಿದಾರಭ್ಯ ಮುಟ್ಟದವಳು, ಕೆಮ್ಮುತ್ತ ಕೆಮ್ಮುತ್ತ ಎಳೆದಳು. ರಂಗಸ್ವಾಮಿ ಬೆವರುತ್ತಿದ್ದ. ಮೊದಲು ಬೀಡಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವನಿಗೆ ಅರ್ಥವಾಯಿತು.

"ಅವ್ನಿಗೆ ಒರಡು ಅನ್ನೇ," ಎಂದ.

ದಿಲೀಪ ಎದುರಿನ ರಸ್ತೆಯನ್ನೇ ನೋಡುತ್ತ ಕೂತಿದ್ದ. ಬೆರಳು ಸುಡುವಷ್ಟು ಗಿಡ್ಡಗಾದ ಮೇಲೆ ಅವಳು ಬೀಡಿಯನ್ನು ಆಚೆ ಎಸೆದಳು.

*

ಚಟ್ಟಕ್ಕೆ ಹಗ್ಗ ಬಿಗಿದು ಮುಗಿಯಿತು. ಚಂದ್ರಯ್ಯ ಜಗಲಿಯ ಹತ್ತಿರ ಬಂದು, ಆಸ್ಪತ್ರೆಗೆ ತಡವಾಗಿ ಹೊರಟಿರಾ ಎಂದು ಮೆಲ್ಲಗೆ ಕೇಳಿದ.

"ತಡ ಏನಿಲ್ಲ ಚಂದ್ರಣ್ಣ," ಎಂದಳು ಸುಬ್ಬಮ್ಮ. "ಅವರ ಪದ್ಧತಿ ಬಿಡ್ಲಿಲ್ಲ, ಅಷ್ಟೆ."

ಚಂದ್ರಯ್ಯನ ಕಣ್ಣು ತುಂಬಿತು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಪಕ್ಕದವರಿಗೆ ಹೇಳಿದ. ದಿಲೀಪ ಗಾಡಿ ಸ್ಟಾರ್ಟ್ ಮಾಡಿದಾಗ ಚಂದ್ರಯ್ಯ ಕೈಯೆತ್ತಿ ತಡೆದು, ಕಿವಿಯ ಮೇಲಿನ ಬೀಡಿ ತೆಗೆದು ಹಚ್ಚಿದ. ಸತ್ತವನಿಗೆ ಇದೊಂದು ಮರ್ಯಾದೆ ಎಂದ. ಗಂಡಸರೆಲ್ಲ ತಲೆತಗ್ಗಿಸಿ ನಿಂತರು. ಬೆಳಗ್ಗೆ ಆಸ್ಪತ್ರೆಯಿಂದ ಬಂದು ನಿಂತಿದ್ದ ಗಾಡಿ ಇನ್ನೂ ತಣ್ಣಗೇ ಇತ್ತು.

ದಿಲೀಪ ಕಿಟಕಿಯಿಂದ ತಾಯಿಯ ಕಡೆ ನೋಡಿದ.

"ಒರಡು," ಎಂದಳು ಸುಬ್ಬಮ್ಮ.

ಅವನು ಕ್ಲಚ್ಚನ್ನು ಅರ್ಧ ಮಾತ್ರ ತುಳಿದು ಗೇರನ್ನು ಜಗ್ಗಿದ. ಹದಿನಾಲ್ಕು ವರ್ಷ ಸದ್ದು ಮಾಡದ ಗೇರ್‌ಬಾಕ್ಸ್ ಕರಕರನೆ ಹಲ್ಲು ಕಡಿಯಿತು. ಚಂದ್ರಯ್ಯನ ಬಾಯಿಂದ ಬೀಡಿ ಬಿತ್ತು. ಗಾಡಿ ಎಗರಿ ಮುಂದೆ ಹೋಯಿತು, ಮೇಲಿದ್ದ ಹೆಣದ ತಲೆ ಒಮ್ಮೆ ಹಲಗೆಗೆ ಬಡಿಯಿತು. ಗೇರು ಬಿದ್ದ ಮೇಲೂ ದಿಲೀಪ ಕೈ ತೆಗೆಯಲಿಲ್ಲ. ಗಾಡಿ ಜಗಲಿಯ ಮುಂದೆ ಹಾದುಹೋಗುವಾಗ ಆ ಎರಡು ಸೊಟ್ಟ ಬೆರಳು ಗೇರಿನ ಮೇಲೆ ಆರಾಮವಾಗಿ ಕೂತಿದ್ದವು.