ಗುರುತಿಲ್ಲದವರು

"ಭುಜ ಹಿಡೀರಿ, ಯಾರಾದ್ರೂ ಹುಡುಗ್ರು ಇಳೀರಿ!" ಸಮಾಧಿಯ ಗುಂಡಿಯೊಳಗಿಂದ ಅಯ್ಯನವರು ಕೂಗಿದರು. ಕೂರಿಸಿದ್ದ ಸಿದ್ದಲಿಂಗಸ್ವಾಮಿಯವರ ದೇಹ ಒಂದು ಕಡೆಗೆ ವಾಲುತ್ತಿತ್ತು. ಬದುಕಿದ್ದಾಗಲೂ ನೆಟ್ಟಗೆ ಕೂತವರಲ್ಲ ಪುಣ್ಯಾತ್ಮ; ಎಳೆಯರ ಮಾತಿಗೆ ಬಾಗಿ ಬಾಗಿಯೇ ಬೆನ್ನು ಗೂನಾಗಿತ್ತು.

ಊರಿನ ರಾಜಕೀಯ, ಗಲಾಟೆಗಳು ಕಾಲೇಜು ಮಕ್ಕಳ ಮನಸ್ಸನ್ನು ಏನು ಮಾಡುತ್ತವೆ ಎಂಬುದೇ ಅವರ ಸಂಶೋಧನೆ. ಸುಚಿತ್ರಾ ಅವರ ಸಹಾಯಕಿ. ಎರಡು ದಿನ ಆಸ್ಪತ್ರೆಯಲ್ಲಿ ನಿದ್ದೆಗೆಟ್ಟು ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಸ್ವಾಮಿಯವರ ಹೆಂಡತಿ ಪ್ರೇಮಲೀಲಾ ಅವಳ ಕೈಯನ್ನು ಬಿಟ್ಟಿರಲಿಲ್ಲ.

"ಅಲ್ಲ ಕಣಮ್ಮ, ಮನೆಮಠ ಬಿಟ್ಟು ಆ ಮಕ್ಳ ಹಿಂದೆ ಅಲೆದ್ರಲ್ಲ, ಒಂದಾದ್ರೂ ಬಂದಿದ್ಯಾ? ಬಂದಿದ್ರೆ ಹೇಳ್ಬುಡು. ನಂಗಷ್ಟು ಸಾಕು."

ಇಬ್ಬರು ಬಂದಿದ್ದರು. ಬೇವಿನ ಮರದಡಿ ಸಿಂಚನ, ಹಣೆಯ ಮೇಲೆ ಹೊಲಿಗೆಯ ಗುರುತು. ಇತ್ತ ಅಭಿನವ, ತನ್ನಪ್ಪ ಮಹೇಂದ್ರನ ಪಕ್ಕದಲ್ಲಿ. ವಿದ್ಯಾರಣ್ಯಪುರಂನಲ್ಲಿ ಯಾರೇ ಸತ್ತರೂ ಹಾರ ಹಿಡಿದು ಹಾಜರಾಗುವ ಪುಢಾರಿ ಮಹೇಂದ್ರ.

*

ಕಾಲೇಜಿನ ಗಲಾಟೆಯಾದ ಮರುವಾರ, ಬನ್ನಿಮಂಟಪದ ಹೋಟೆಲಿನ ಮೂಲೆಯಲ್ಲಿ, ಸ್ವಾಮಿಯವರು ಮತ್ತು ಸುಚಿತ್ರಾಳ ಎದುರು ಅಭಿನವ ಕೂತಿದ್ದ. ಕಾಫಿ ಆರಿ ಕೆನೆಗಟ್ಟಿತ್ತು.

"ಅಪ್ಪ ಕೂಗು ಅಂದಿದ್ದನ್ನ ಕೂಗ್ತೀನಿ ಸರ್. ಆವತ್ತು ನಮ್ಮ ಕಡೆಯವರ ಕಲ್ಲು ಸಿಂಚನಾಗೆ ಬಿತ್ತು. ಪಿಯುಸಿಯಿಂದ ಒಂದೇ ಬೆಂಚು ನಾವು. ಈಗ ಅವಳು ಆ ಗುಂಪು, ನಾನು ಈ ಗುಂಪು. ಕಣ್ಣು ಮುಚ್ಚಿದ್ರೆ ಆ ರಕ್ತಾನೇ ಕಾಣ್ಸುತ್ತೆ. ಇಲ್ಲಿಗೆ ಬಂದಿದ್ದು ಅಪ್ಪಂಗೆ ಗೊತ್ತಾದ್ರೆ ಚರ್ಮ ಸುಲೀತಾರೆ."

ಮನಸ್ಸು ಬಿಚ್ಚಲು ಬಂದ ಮಕ್ಕಳಿಗೆಲ್ಲ ಹೇಳುವುದನ್ನೇ ಸ್ವಾಮಿಯವರು ಹೇಳಿದ್ದರು. "ಹೊರಗೆಲ್ಲಾದ್ರೂ ಸಿಕ್ರೆ ಗುರುತಿಲ್ದಂಗೆ ಹೋಗ್ಬುಡು. ನಾವೂ ಹಂಗೇ. ಸತ್ರೂ ಬಾಯಿ ಬಿಡಲ್ಲ ಕಣೋ."

*

ಅಭಿನವ ಚಪ್ಪಲಿ ಕಳಚಿ ಗುಂಡಿಗಿಳಿದ. ವಾಲುತ್ತಿದ್ದ ಭುಜವನ್ನು ಎದೆಗೊರಗಿಸಿಕೊಂಡ.

"ಲೋ, ನಿಂಗ್ಯಾಕೋ ಅದು? ಗೊತ್ತಿರೋರಾ?" ಮಹೇಂದ್ರ ಗದರಿದ.

"ಇಲ್ಲಪ್ಪ. ಕರೆದ್ರಲ್ಲ, ಅದ್ಕೆ."

"ಯಾರಮ್ಮ ಆ ಹುಡುಗ?" ಎಂದರು ಪ್ರೇಮಲೀಲಾ.

ಮಹೇಂದ್ರ ಅಲ್ಲೇ ನಿಂತಿದ್ದ. "ಗೊತ್ತಿಲ್ಲಮ್ಮ" ಎಂದಳು ಸುಚಿತ್ರಾ. ಹೇಳಿದ ನಾಲಗೆಯ ಮೇಲೆ ಅವಳಿಗೇ ಹೇಸಿಗೆಯಾಯಿತು.

"ಹೋಗ್ಲಿ ಬುಡು. ಗುರುತಿಲ್ದೋರಾದ್ರೂ ಮುಟ್ಟಿದ್ರಲ್ಲ."

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕೈ ತೊಳೆಯಲು ನಲ್ಲಿಯ ಬಳಿ ಸಾಲುಗಟ್ಟಿದರು. ಒತ್ತಿ ಹಿಡಿದರೆ ಮಾತ್ರ ನೀರು ಬಿಡುವ ನಲ್ಲಿ ಅದು. ಮಹೇಂದ್ರ ಕಾರು ತೆಗೆಯಲು ಹೋಗಿದ್ದ. ಅಭಿನವ ಕೈ ತೊಳೆದವನು ಸರಿಯಲಿಲ್ಲ, ನಲ್ಲಿಯನ್ನು ಒತ್ತಿಯೇ ನಿಂತ. ಹಿಂದಿದ್ದ ಸಿಂಚನ ಎರಡೂ ಕೈ ಒಡ್ಡಿದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಣ್ಣು ಹೋದ ಮೇಲೂ ಅವಳು ಕೈ ತೆಗೆಯಲಿಲ್ಲ, ಅವನು ನಲ್ಲಿ ಬಿಡಲಿಲ್ಲ.

ಹೊರಗೆ ಕಾರಿನ ಹಾರನ್ ಬಡಿದುಕೊಂಡಿತು. ಸಾಲಿನಲ್ಲಿ ಯಾರೋ ಗೊಣಗಿದರು.

ಪ್ರೇಮಲೀಲಾ ಆ ಇಬ್ಬರನ್ನು ನೋಡಿದರು. ತಿರುಗಿ ಸುಚಿತ್ರಾಳ ಮುಖ ನೋಡಿದರು. ಸುಚಿತ್ರಾ ತಲೆ ತಗ್ಗಿಸಿದಳು.

"ತಡ್ಕೊಳ್ರಪ್ಪ," ಎಂದರು ಪ್ರೇಮಲೀಲಾ, ಸಾಲಿಗೆ ಅಡ್ಡವಾಗಿ ಕೈ ಚಾಚಿ. "ನಮ್ಮ ಮಕ್ಳು ಕೈ ತೊಳ್ಕೊಳ್ಳಿ."